ಅಲ್ಲಾಡಬಾರದ ಗಾಜು

ಜಗಳೂರಿನ ಬುಡನ್‌ಸಾಬರ ಮನೆ ಬಾಗಿಲಲ್ಲಿ ನಿಂತು ಮೋಟಾರಿನ ಹೆಸರು ಎತ್ತಬೇಕಾದರೆ ಒಂದೋ ಎದೆಯಲ್ಲಿ ಧೈರ್ಯ ಇರಬೇಕು, ಇಲ್ಲವೇ ತಲೆಯಲ್ಲಿ ಏನೂ ಇರಬಾರದು. ಆ ಬೇಸಿಗೆಯ ಬೆಳಿಗ್ಗೆ ಬಂದು ನಿಂತವನು ಈ ಎರಡರಲ್ಲಿ ಯಾವ ಪೈಕಿ ಎಂದು ಸಾಬರ ಮಗಳು ರಹಮತ್‌ಬೀಗೆ ತಕ್ಷಣಕ್ಕೆ ತಿಳಿಯಲಿಲ್ಲ.

ಅವಳು ಅಂಗಳದಲ್ಲಿ ಉಣ್ಣೆ ತುಳಿಯುತ್ತಿದ್ದಳು. ಅವರದು ಪಿಂಜಾರರ ಮನೆ. ಓಣಿಯ ಉಳಿದ ಪಿಂಜಾರರು ಬಿಲ್ಲು ಹಿಡಿದು ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರೆ, ಬುಡನ್‌ಸಾಬರ ಮನೆಯಲ್ಲಿ ಅದೇ ಬಿಲ್ಲಿನಿಂದ ಕುರಿಯ ಉಣ್ಣೆ ಹಿಂಜುತ್ತಿದ್ದರು. ಹಿಂಜಿದ ಉಣ್ಣೆಯನ್ನು ಚಾಪೆಯ ಮೇಲೆ ಹರಡಿ, ಬಿಸಿನೀರು ಚಿಮುಕಿಸಿ, ಸುರುಳಿ ಸುತ್ತಿ, ಅದು ಹಲಗೆಯಂತೆ ಗಟ್ಟಿಯಾಗುವ ತನಕ ಕಾಲಲ್ಲಿ ತುಳಿಯುವುದು. ನೂಲಿಲ್ಲ, ಮಗ್ಗವಿಲ್ಲ. ಅದಕ್ಕೆ ನಮದೆ ಎನ್ನುತ್ತಾರೆ. ಜಟಕಾ ಕುದುರೆಯ ಜೀನಿನ ಕೆಳಗೆ ಹಾಸಲು ಬುಡನ್‌ಸಾಬರ ನಮದೆಯೇ ಬೇಕೆಂದು ಚಿತ್ರದುರ್ಗದಿಂದ ಜನ ಹುಡುಕಿಕೊಂಡು ಬರುತ್ತಿದ್ದ ಕಾಲವೊಂದಿತ್ತು. ಆಮೇಲೆ ಬಸ್ಸುಗಳು ಬಂದವು, ಜಟಕಾಗಳು ಕಡಿಮೆಯಾದವು. ಅಂದಿನಿಂದ ಬುಡನ್‌ಸಾಬರಿಗೆ ಮೋಟಾರು ಎಂದರೆ ಮೈಯೆಲ್ಲ ಉರಿ. ಎಷ್ಟು ದೂರವಾದರೂ ಎತ್ತಿನ ಗಾಡಿಯಲ್ಲೇ ಹೋದಾರು, ಬಸ್ಸು ಮಾತ್ರ ಹತ್ತುವವರಲ್ಲ.

“ನಮದೆ ಬೇಕಾಗಿತ್ತು ರೀ,” ಅಂದ ಬಂದವನು. “ಎರಡು ಬೆರಳು ಅಗಲ, ಆರು ಅಡಿ ಉದ್ದ.”

ರಹಮತ್‌ಬೀ ತುಳಿಯುವುದನ್ನು ನಿಲ್ಲಿಸಿದಳು. “ಯಾವುದಕ್ಕೆ? ಹಾವಿಗೇನಾದ್ರೂ ಜೀನು ಹಾಕ್ತೀರಾ?”

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಎಡಗೆನ್ನೆಯಲ್ಲಿ ಸಣ್ಣ ಕುಳಿ ಬಿತ್ತು. ಬಿಳಿ ಟೋಪಿ ಶುಭ್ರವಾಗಿತ್ತು, ಉಗುರಿನ ಸಂದಿಯಲ್ಲಿ ಮಾತ್ರ ತೊಳೆದರೂ ಹೋಗದ ಕಪ್ಪು ಎಣ್ಣೆ. ಇವೆಲ್ಲ ತನಗೇಕೆ ಕಾಣಿಸಬೇಕು ಎಂದು ರಹಮತ್‌ಬೀಗೆ ತನ್ನ ಮೇಲೆಯೇ ಸಿಟ್ಟು ಬಂತು.

“ಹಾವಿಗಲ್ಲ ರೀ, ಕಾರಿಗೆ. ಚನ್ನಗಿರಿ ಮಹೇಶ್ವರಪ್ಪ ಸಾವ್ಕಾರ್ರ ಕಾರು. ಅದರ ಡ್ರೈವರ್ರೂ ನಾನೇ, ಮೇಸ್ತ್ರಿನೂ ನಾನೇ. ನನ್ನೇಸಾಬ ಅಂತ ನನ್ನ ಹೆಸರು. ಬಸವಾಪಟ್ಟಣದ ಸಂತೇಲಿ ಎತ್ತಿನ ಕೊಂಬು ತಗಲಿ ಕಿಟಕಿ ಸುತ್ತಿನ ತಗಡಿನ ಪಟ್ಟಿ ಡೊಂಕಾಗೈತೆ, ರಬ್ಬರು ಹರಿದೈತೆ. ಒಳಗಿದ್ದ ಮೆತ್ತೆ ಇಲಿ ತಿಂದೈತೆ. ತಗಡು ನಾನು ಬಡಿದು ನೆಟ್ಟಗೆ ಮಾಡ್ಕಂತೀನಿ. ರಬ್ಬರು ಎಲ್ಲಿಂದ ತರಾಣ? ಇದ್ದಬದ್ದದ್ದೆಲ್ಲ ಯುದ್ಧಕ್ಕೆ ಹೋಗೈತೆ.”

ಬಾಗಿಲ ಮರೆಯಿಂದ ತಾಯಿ ಬಿಸ್ಮಿಲ್ಲಾ ದನಿ ಮಾಡಿದಳು. “ಗಂಡಸರು ಮನೇಲಿಲ್ಲಪ್ಪ. ನ್ಯಾಮತಿಗೆ ಹೋಗ್ಯಾರೆ. ಅವರಿದ್ರೂ ಮೋಟಾರಿಗೆ ಅಂದ್ರೆ ಮಾಡಿಕೊಡೋದಿಲ್ಲ.”

“ನಾನು ಅವರನ್ನ ಕೇಳಾಕೆ ಬಂದಿಲ್ಲಮ್ಮಾ,” ಅಂದ ನನ್ನೇಸಾಬ. “ತುಳೀತಿರೋರು ಇವರು. ಅದಕ್ಕೆ ಇವರನ್ನೇ ಕೇಳ್ದೆ.”

ಆ ಮಾತು ನೇರ ಹೋಗಿ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆರು ವರ್ಷದಿಂದ ಅಪ್ಪನ ಮೊಣಕಾಲು ಹಿಡಿದುಕೊಂಡಿತ್ತು. ಆರು ವರ್ಷದಿಂದ ಆ ಮನೆಯಿಂದ ಹೋದ ಒಂದೊಂದು ನಮದೆಯನ್ನೂ ತುಳಿದವಳು ರಹಮತ್‌ಬೀ. ಆದರೂ ಕೊಂಡವರೆಲ್ಲ ‘ಬುಡನ್‌ಸಾಬರ ಕೈ ಅಂದ್ರೆ ಕೈ’ ಎಂದು ಹೊಗಳಿ ಹೋಗುತ್ತಿದ್ದರು. ಕೈಯೂ ಅವರದಲ್ಲ, ಕಾಲೂ ಅವರದಲ್ಲ. ಅವಳ ಮುಖ ನೋಡಿ ಕೆಲಸ ಕೇಳಿದವನು ಇವನೊಬ್ಬನೇ.

“ಅಳತೆ ಹೇಳ್ರಿ,” ಅಂದಳು.

“ಏ ಹುಡುಗೀ!” ಅಂದಳು ತಾಯಿ.

“ಅಳತೆ ಕೇಳಿದ್ರೆ ಮೈ ಸವೆಯೋದಿಲ್ಲಮ್ಮ.”

ನನ್ನೇಸಾಬ ಚೀಲದಿಂದ ಉದ್ದನೆಯ ಸೀಳಿದ್ದ ಒಂದು ಮರದ ತುಂಡು ತೆಗೆದ. “ಬಾಗಿಲ ಒಳಗೆ ಹಿಂಗೇ ಒಂದು ಸಂದಿ ಐತೆ. ಗಾಜು ಇದರಾಗೆ ಕೂತ್ಕಂತೈತೆ. ನಮದೆ ಆ ಕಡೆ ಈ ಕಡೆ ಗಾಜನ್ನ ತಬ್ಬಿ ಹಿಡೀಬೇಕು. ಗಾಜು ಅಲ್ಲಾಡಬಾರದು. ಒಂದು ಹನಿ ನೀರು ಒಳಗೆ ಬರಬಾರದು. ಇಷ್ಟೇ.”

“ಎರಡು ಬೆರಳು ಅಂದ್ರಲ್ಲ, ನಿಮ್ಮ ಬೆರಳೋ, ನನ್ನ ಬೆರಳೋ?”

ಅವನು ತನ್ನ ಎರಡು ಬೆರಳು ಜೋಡಿಸಿ ಮುಂದೆ ಹಿಡಿದ. ಅವಳು ಸೆರಗು ಸರಿಮಾಡಿಕೊಂಡು, ಅವನ ಕೈ ಮುಟ್ಟದ ಹಾಗೆ ಬೆರಳುಗಳ ಮೇಲೆ ದಾರ ಹಿಡಿದು ಗಂಟು ಹಾಕಿದಳು. ಇಬ್ಬರೂ ಮುಖ ತಪ್ಪಿಸಿ ಮರದ ತುಂಡನ್ನು ಬಹಳ ಆಸ್ಥೆಯಿಂದ ನೋಡಿದರು.

“ಮೂರು ದಿನ ಬಿಟ್ಟು ಬರ್ರಿ,” ಅಂದಳು ರಹಮತ್‌ಬೀ.

ಎರಡು ದಿನ ಅವಳು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಎಳೆಮರಿಯ ಉಣ್ಣೆಯನ್ನೇ ಆರಿಸಿದಳು. ಮೂರು ಸಲ ಹಿಂಜಿದಳು. ಜೀನಿನ ಹಾಸು ತುಳಿಯುವಷ್ಟೇ ತುಳಿದರೆ ಸಾಲದು, ಎರಡು ಬೆರಳಗಲದ ಪಟ್ಟಿ ಅಂಚಿನಲ್ಲಿ ಉದುರೀತು ಎಂದು ಮತ್ತೊಂದು ಹೊತ್ತು ತುಳಿದಳು. ಕೊನೆಗೆ ಅವಳಿಗೆ ಒಂದು ಯೋಚನೆ ಬಂತು. ಆ ಸೀಮೆಯ ಕುರಿಗಾಹಿಗಳ ಕಂಬಳಿಗೆ ಹುಣಸೆ ಬೀಜ ಬೇಯಿಸಿ ಅರೆದ ಗಂಜಿ ತೀಡುತ್ತಾರೆ. ಗಂಜಿ ಕುಡಿದ ಕಂಬಳಿ ಬಿರುಸಾಗುತ್ತದೆ, ಎಂಥ ಮಳೆಯೂ ಅದರ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ನೀರು ಒಳಗೆ ಬರಬಾರದು ಅಂದನಲ್ಲವೇ? ಅವಳು ಪಟ್ಟಿಗೆ ಎರಡು ಕೈ ಗಂಜಿ ತೀಡಿ, ಉಜ್ಜಿ ನುಣುಪು ಮಾಡಿ, ನೆರಳಲ್ಲಿ ಒಣಗಿಸಿದಳು. ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವುದು ಆಮೇಲಿನ ಮಾತು.

ಮೂರನೆಯ ದಿನ ನನ್ನೇಸಾಬ ಹೊತ್ತಿಗೆ ಮುಂಚೆಯೇ ಬಂದ. ಪಟ್ಟಿಯನ್ನು ಕೈಗೆ ತೆಗೆದುಕೊಂಡು ಈ ತುದಿಯಿಂದ ಆ ತುದಿಗೆ ಬೆರಳು ಎಳೆದ. ಮತ್ತೊಮ್ಮೆ ಎಳೆದ.

“ಏನು, ಕುಂದು ಹುಡುಕ್ತೀರಾ?” ಅಂದಳು ಅವಳು.

“ನಿಮ್ಮ ಎಡಗಾಲು ಜೋರೈತೆ ರೀ. ಈ ಅಂಚು ಆ ಅಂಚಿಗಿಂತ ಒಂದು ನೂಲು ಗಟ್ಟಿ ಐತೆ.”

ರಹಮತ್‌ಬೀಯ ಮುಖ ಬಿಸಿಯಾಯಿತು. ಹುಟ್ಟಿಸಿದ ಅಪ್ಪನೂ ಗುರುತಿಸದ ಮಾತು ಅದು. ಅವಳ ಕಾಲಿನ ಭಾರವನ್ನು ಅವನು ಬೆರಳಿನಲ್ಲಿ ಓದಿಬಿಟ್ಟಿದ್ದ. ಅವಳು ಎಡಗಾಲನ್ನು ಲಂಗದೊಳಗೆ ಎಳೆದುಕೊಂಡಳು. ಅವನು ಆಗಲೇ ಅದನ್ನೂ ನೋಡಿದ್ದ.

ಬಿಸ್ಮಿಲ್ಲಾಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಅವಳು ಚಾ ಲೋಟ ತಂದಿಟ್ಟು ಮಾತು ತೆಗೆದಳು. “ನೋಡಪ್ಪ, ನೀನು ನಮ್ಮ ಜನದ ಹುಡುಗ, ಹೇಳ್ತೀನಿ. ಇವಳಿಗೆ ನ್ಯಾಮತಿ ಸುಬಾನಸಾಬರ ಮನೇಲಿ ಮಾತಾಗ್ತಾ ಐತೆ. ಅರಿವೆ ಅಂಗಡಿ ಇಟ್ಟೋರು. ಹೆಣ್ಮಕ್ಕಳ ಕೈಲಿ ಕೆಲಸ ಮಾಡಿಸೋದಿಲ್ಲ, ಕೂರಿಸಿ ಅನ್ನ ಹಾಕ್ತಾರೆ. ಇವಳು ಮೋಟಾರಿನೋರಿಗೆ ಕೆಲಸ ಮಾಡಿಕೊಟ್ಟಾಳೆ ಅಂತ ಅವರ ಕಿವಿಗೆ ಬಿದ್ರೆ ಕತೆ ಮುಗೀತು. ಯಾರ ಮುಂದೂ ಬಾಯಿ ಬಿಡಬ್ಯಾಡ. ಮಾತು ಕೊಡು.”

ನನ್ನೇಸಾಬ ಚಾ ಲೋಟವನ್ನು ಕೆಳಗಿಟ್ಟ. ಕೆನ್ನೆಯ ಕುಳಿ ಎಲ್ಲೋ ಹೋಗಿತ್ತು. “ಮಾತು ಕೊಟ್ಟೆ ಅಮ್ಮಾ,” ಅಂದ. ಆಮೇಲೆ ಅವಳ ಕಡೆ ತಿರುಗಿ, “ಹಂಗಾದ್ರೆ ಇದೇ ನಿಮ್ಮ ಕೊನೇ ಕೆಲಸ ಅನ್ರಿ,” ಅಂದ.

“ಯಾರು ಹೇಳಿದ್ದು?” ಅಂದಳು ರಹಮತ್‌ಬೀ. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಅವನು ಓಣಿಯ ತಿರುವು ದಾಟುವ ತನಕ ಮೂರು ಸಲ ತಿರುಗಿ ನೋಡಿದ. ಮೂರು ಎಂದು ಅವಳಿಗೆ ಹೇಗೆ ಗೊತ್ತು ಎಂದು ಕೇಳಬಾರದು. ಆ ಸಂಜೆಯಿಂದ ಅವಳಿಗೆ ಅನ್ನ ಸೇರಲಿಲ್ಲ. ಅವನು ಬೇಕು ಎನ್ನಿಸಿತು, ಅಷ್ಟೇ, ಅದಕ್ಕೆ ಸುತ್ತಿಬಳಸಿ ಹೇಳುವಂಥದ್ದು ಏನೂ ಇರಲಿಲ್ಲ.

ಬುಡನ್‌ಸಾಬರು ನ್ಯಾಮತಿಯಿಂದ ಸಂತೋಷವಾಗಿ ಬಂದರು. ರಂಜಾನ್ ಕಳೆದ ಮೇಲೆ ನಿಕಾಹ್ ಎಂದು ಮಾತಾಗಿತ್ತು. “ನಿನ್ನ ಕಾಲಿಗೆ ಇನ್ನು ಬಿಡುವು ಮಗಳೇ,” ಅಂದರು ಪ್ರೀತಿಯಿಂದ. ಅವರ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ರಹಮತ್‌ಬೀಗೆ ಬೇಡ ಎನ್ನಲು ಮನಸ್ಸು ಬರಲಿಲ್ಲ, ಬಿಲ್ಲು ಎತ್ತಿಕೊಂಡು ಉಣ್ಣೆ ಹಿಂಜಲು ಕೂತಳು.

ತಿಂಗಳು ಕಳೆಯಿತು. ಎರಡು ಮುಂಗಾರು ಮಳೆ ಬಿದ್ದು ಮತ್ತೆ ಬಿಸಿಲು ಕಾಯಿತು. ಒಂದು ದಿನ ಮಧ್ಯಾಹ್ನ ದಾವಣಗೆರೆ ಬಸ್ಸಿನ ಕಂಡಕ್ಟರ್ ಗಿಡ್ಡಪ್ಪ ತನ್ನ ಹಾಸಿಗೆಯ ಗಾದಿ ಹಿಂಜಿಸಲೆಂದು ಓಣಿಗೆ ಬಂದವನು, ಪಕ್ಕದ ಮನೆಯ ಜಗುಲಿಯಲ್ಲಿ ಕೂತು ಊರೂರಿನ ಸುದ್ದಿ ಬಿಚ್ಚಿದ. ಗೋಡೆಯಾಚೆ ರಹಮತ್‌ಬೀ ಉಣ್ಣೆ ಬಿಡಿಸುತ್ತಿದ್ದಳು.

“ಚನ್ನಗಿರಿ ಸಾವ್ಕಾರ್ರ ಕತೆ ಕೇಳಿದ್ರಾ? ಹೊನ್ನಾಳಿಗೆ ಮದುವೆಗೆ ಹೊಂಟಿದ್ರಂತೆ. ಹೆಂಡ್ತಿ ಸರ್ವಮಂಗಳಮ್ಮಾರಿಗೆ ಕಾರು ಅಂದ್ರೆ ಹೊಟ್ಟೆ ತೊಳಸ್ತೈತೆ. ವಾಂತಿ ಬಂತು ಅಂತ ಕಿಟಕಿ ಇಳಿಸಾಕೆ ಹೋದ್ರೆ ಗಾಜು ಇಳೀವಲ್ದು! ಅಂಟು ಹಾಕ್ದಂಗೆ ಕಚ್ಚಿ ಹಿಡಿದೈತೆ. ಸಾವ್ಕಾರ್ರು ತಿರುವಿದ ರಭಸಕ್ಕೆ ಹಿಡಿ ಮುರಿದು ಕೈಗೆ ಬಂತು. ಅಷ್ಟರಾಗೆ ಅಮ್ಮಾರು ಪಾಪ, ಸಾವ್ಕಾರ್ರ ಜರಿ ಶಲ್ಯದ ಮ್ಯಾಲೆ...”

ಜಗುಲಿಯವರು ಹೊಟ್ಟೆ ಹಿಡಿದು ನಕ್ಕರು. ರಹಮತ್‌ಬೀ ಕೈಯಲ್ಲಿದ್ದ ಉಣ್ಣೆ ಹಾಗೇ ನಿಂತಿತು. ಗಾಜು ಇಳಿಯುತ್ತದೆಯೇ? ಕಿಟಕಿಯ ಗಾಜು ಮೇಲಕ್ಕೂ ಕೆಳಕ್ಕೂ ಹೋಗುತ್ತದೆಯೇ? ಅವಳು ಕಂಡ ಗಾಜಿನ ಕಿಟಕಿ ಒಂದೇ, ತಾಲ್ಲೂಕು ಕಚೇರಿಯದು. ಅದು ಕಟ್ಟಿದ ದಿನದಿಂದ ಇದ್ದಲ್ಲೇ ಇತ್ತು. ಮಳೆಗೆ ಹಸಿಯಾಗಿ ಬಿಸಿಲಿಗೆ ಒಣಗಿದ ಗಂಜಿ ಅಂಟಿನಂತೆ ಕಚ್ಚಿಕೊಳ್ಳುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಡ್ರೈವರ್ ಸಾಬ ತಾನೇ ನಮದೆ ತುಳಿದು ಹಾಕ್ದೆ ಅಂತ ಒಪ್ಕಂಡ್ನಂತೆ,” ಗಿಡ್ಡಪ್ಪ ಮುಂದುವರಿಸಿದ. “ಶುಕ್ರವಾರದೊಳಗೆ ಗಾಜು ಇಳೀದಿದ್ರೆ ಬಡಗಿ ಕೈಲಿ ಒಡೆಸಿ ಹಲಗೆ ಜಡಿಸ್ತಾರಂತೆ. ಯುದ್ಧಕಾಲದಾಗೆ ಗಾಜು ಎಲ್ಲಿ ಸಿಗ್ತೈತೆ? ಅವನಿಗೂ ಅವತ್ತೇ ಕೆಲಸಕ್ಕೆ ಸಲಾಮು.”

ರಹಮತ್‌ಬೀ ಎದ್ದು ನಿಂತಳು. ಅವಳಿಗೆ ಬಂದದ್ದು ಕನಿಕರವಲ್ಲ, ಕೆಂಡದಂಥ ಕೋಪ. ಒಳ್ಳೆಯ ಕೆಲಸ ಮಾಡಿದರೆ ಅದು ಅಪ್ಪನದು. ಕೆಟ್ಟ ಕೆಲಸ ಮಾಡಿದರೆ ಅದು ಇವನದು. ಹಾಗಾದರೆ ಅವಳದು ಎಂದು ಈ ಭೂಮಿಯ ಮೇಲೆ ಇರುವುದಾದರೂ ಏನು? ತಪ್ಪನ್ನೂ ಕಸಿದುಕೊಳ್ಳುತ್ತಾರಲ್ಲ ಈ ಗಂಡಸರು!

ಮುಂದಿನ ಎರಡು ದಿನ ಅವಳು ಹೊಸ ಪಟ್ಟಿ ತುಳಿದಳು, ಈ ಸಲ ಗಂಜಿಯ ಸುದ್ದಿಗೇ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಅಪ್ಪನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಒಂದು ಅಕ್ಷರ ಮುಚ್ಚಿಡಲಿಲ್ಲ.

ಬುಡನ್‌ಸಾಬರ ಗಡ್ಡ ಅದುರಿತು. “ನನ್ನ ಮನೇಲಿ, ಮೋಟಾರಿಗೆ?”

“ಹೌದಪ್ಪಾ. ನಾನು ಮಾಡ್ದೆ, ತಪ್ಪೂ ಮಾಡ್ದೆ. ಇವತ್ತು ಹೋಗಿ ಸರಿಮಾಡಿ ಬರ್ತೀನಿ.”

“ನ್ಯಾಮತಿಯೋರಿಗೆ ತಿಳಿದ್ರೆ?”

“ತಿಳೀಲಿ.”

“ಆ ಬಸ್ಸಿಗೆ ಕಾಲಿಟ್ರೆ ಈ ಹೊಸ್ತಿಲು ತುಳಿಬ್ಯಾಡ, ಹೇಳೀನಿ!”

ರಹಮತ್‌ಬೀಯ ಕಣ್ಣು ತುಂಬಿತು. ಆದರೆ ಕಾಲು ನಿಲ್ಲಲಿಲ್ಲ. ಅವಳು ಜೀನು ಹೊಲಿಯುವ ಪೆಟ್ಟಿಗೆಯಿಂದ ಕುದುರೆಬಾಲದ ಕೂದಲಿನ ಹುರಿ ಎರಡು ತೆಗೆದುಕೊಂಡಳು. ಬಿಸ್ಮಿಲ್ಲಾ ಗಂಡನ ಮುಖ ನೋಡಿದಳು, ಮಗಳ ಬೆನ್ನು ನೋಡಿದಳು, ಆಮೇಲೆ ಬುರ್ಖಾ ಎತ್ತಿಕೊಂಡಳು. “ವಯಸ್ಸಿಗೆ ಬಂದ ಹುಡುಗೀನ ಒಂಟಿ ಕಳಿಸಾಕೆ ಆಗೋದಿಲ್ಲ. ರೊಟ್ಟಿ ಮಾಡಿಟ್ಟೀನಿ, ಉಣ್ರಿ,” ಎಂದು ಗಂಡನಿಗೆ ಹೇಳಿ ಮಗಳ ಹಿಂದೆ ನಡೆದಳು.

ಅದು ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ಜನ ಇಳಿದು ನೂಕಿದರು. ಮೊದಲ ಸಲ ಮೋಟಾರು ಹತ್ತಿದ ರಹಮತ್‌ಬೀ ದಾರಿಯುದ್ದಕ್ಕೂ ಕಿಟಕಿಯನ್ನೇ ನೋಡಿದಳು. ಅದಕ್ಕೆ ಗಾಜೇ ಇರಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಚನ್ನಗಿರಿ ಸೇರುವಾಗ ಹೊತ್ತು ಮುಳುಗಿತ್ತು. ರಾತ್ರಿ ಬಿಸ್ಮಿಲ್ಲಾಳ ನಂಟರ ಮನೆಯಲ್ಲಿ ತಂಗಿದರು.

ಶುಕ್ರವಾರ ಬೆಳಿಗ್ಗೆ ಮಹೇಶ್ವರಪ್ಪನವರ ಅಡಿಕೆ ಮಂಡಿಯ ಮುಂದೆ ಸಂತೆಯಷ್ಟು ಜನ. ನಡುಬೀದಿಯಲ್ಲಿ ಕಪ್ಪು ಕಾರು ನಿಂತಿತ್ತು. ಬಡಗಿ ಸುತ್ತಿಗೆ ಹಿಡಿದು ಸಿದ್ಧನಾಗಿದ್ದ. ನನ್ನೇಸಾಬ ಬಾಗಿಲಿನ ಪಕ್ಕ ಕೈಕಟ್ಟಿ ನಿಂತಿದ್ದ. ಮೂರು ದಿನದಿಂದ ಬಿಸಿನೀರು ಹೊಯ್ದು ಹೊಯ್ದು ಅವನ ಕೈ ಕೆಂಪಾಗಿತ್ತು. ಗಾಜು ಕದಲಿರಲಿಲ್ಲ.

“ಸುತ್ತಿಗೆ ಕೆಳಗಿಡ್ರಿ,” ಅಂದಳು ರಹಮತ್‌ಬೀ ಜನ ಸರಿಸಿಕೊಂಡು ಬಂದು.

ಮಹೇಶ್ವರಪ್ಪನವರು ಕನ್ನಡಕ ಮೇಲೆತ್ತಿದರು. “ಯಾರಮ್ಮಾ ನೀನು?”

“ಜಗಳೂರಿನ ಪಿಂಜಾರ ಬುಡನ್‌ಸಾಬರ ಮಗಳು, ರಹಮತ್‌ಬೀ. ಈ ಗಾಜು ಹಿಡಿದಿರೋ ನಮದೆ ತುಳಿದೋಳು ನಾನು. ಗಂಜಿ ತೀಡಿ ತಪ್ಪು ಮಾಡಿದೋಳೂ ನಾನೇ. ನಿಮ್ಮ ಡ್ರೈವರ್ರು ನಿಮ್ಮ ಹತ್ರ ಸುಳ್ಳು ಹೇಳ್ಯಾರೆ.”

ನನ್ನೇಸಾಬ ಅಡ್ಡ ಬಂದ. “ಸಾವ್ಕಾರ್ರೆ, ಅವರ ಮಾತು ಕೇಳಬ್ಯಾಡ್ರಿ, ಅವರಿಗೂ ಇದಕ್ಕೂ...”

“ಮೇಸ್ತ್ರಿ, ನೀವು ಸುಮ್ಕಿರ್ರಿ. ನಿಮಗೆ ಆಮೇಲೆ ಐತೆ.”

ಜನ ನಕ್ಕರು. ಮಂಡಿಯ ಜಗುಲಿಯಿಂದ ಸರ್ವಮಂಗಳಮ್ಮನವರೂ ನಕ್ಕರು. ಗಂಡ ಬಾಯಿ ತೆರೆಯುವುದರೊಳಗೆ, “ಮಾಡ್ಲಿ ಬಿಡ್ರಿ,” ಅಂದರು. “ವಾಂತಿ ಮಾಡಿ ಮಾನ ಕಳ್ಕೊಂಡೋಳು ನಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರೋದಿಲ್ಲ. ಗಾಜಾದ್ರೂ ಉಳೀಲಿ.”

ರಹಮತ್‌ಬೀ ಅಂಟುವಾಳದ ನೊರೆ ಮಾಡಿಸಿದಳು. ಬಿಸಿ ನೊರೆಯನ್ನು ಬಟ್ಟೆಯಲ್ಲಿ ಅದ್ದಿ ಗಾಜಿನ ಅಂಚಿಗೆ ಒತ್ತಿಟ್ಟಳು. ಬರೀ ನೀರಿಗೆ ಗಂಜಿ ಉಬ್ಬುತ್ತದೆಯೇ ಹೊರತು ಬಿಡುವುದಿಲ್ಲ. ಉಬ್ಬಿದ ಗಂಜಿಯನ್ನು ಕೊಯ್ಯಬೇಕು. ತಂತಿ ಹಾಕಿದರೆ ಗಾಜಿಗೆ ಗೀರು ಬೀಳುತ್ತದೆ, ನೂಲು ಹಾಕಿದರೆ ಹರಿಯುತ್ತದೆ. ಕುದುರೆಬಾಲದ ಹುರಿ ಎರಡನ್ನೂ ಮಾಡುವುದಿಲ್ಲ.

“ನಾನು ಒಳಗಿನ ಮಗ್ಗಲು ಕೊಯ್ತೀನಿ. ನೀವು ಹೊರಗಿನದು ಕೊಯ್ರಿ,” ಎಂದು ಒಂದು ಹುರಿಯನ್ನು ಅವನ ಕೈಗೆ ಕೊಟ್ಟು, ಕಾರಿನೊಳಗೆ ಹತ್ತಿ ಕೂತಳು. ಬಿಸ್ಮಿಲ್ಲಾ ಮುಂದಿನ ಸೀಟಿನಲ್ಲಿ ಕೂತು ಬೇರೆ ಕಡೆ ಮುಖ ತಿರುಗಿಸಿದಳು.

ಈಗ ಅವಳು ಗಾಜಿನ ಒಳಗೆ, ಅವನು ಗಾಜಿನ ಹೊರಗೆ. ಇಬ್ಬರ ಹುರಿಯೂ ಒಂದೇ ಎತ್ತರದಲ್ಲಿ ಹಿಂದಕ್ಕೂ ಮುಂದಕ್ಕೂ ಓಡುತ್ತಿತ್ತು. ಅವನ ಉಸಿರಿಗೆ ಗಾಜು ಮಂಜಾಗುತ್ತಿತ್ತು, ಆರುತ್ತಿತ್ತು. ನಡುವೆ ಒಂದು ಕಾಳಿನಷ್ಟು ದಪ್ಪದ ಗಾಜು. ಉಳಿದ ಕಿಟಕಿಗಳು ತೆರೆದಿದ್ದರಿಂದ ಮೆಲ್ಲಗೆ ಆಡಿದ ಮಾತೂ ಕೇಳಿಸುತ್ತಿತ್ತು.

“ಯಾಕೆ ಸುಳ್ಳು ಹೇಳಿದ್ರಿ?”

“ನಿಮ್ಮಮ್ಮಾರಿಗೆ ಮಾತು ಕೊಟ್ಟಿದ್ದೆ.”

“ಕೆಲಸ ಹೋಗ್ತಿತ್ತಲ್ರೀ!”

“ಹೋದ್ರೆ ಹೋಗ್ಲಿ. ನಿಮ್ಮ ಮದುವೆ ಉಳೀಲಿ ಅಂತ...”

“ನನ್ನ ಮದುವೆ ಉಳಿಸ್ರಿ ಅಂತ ನಾನು ನಿಮ್ಮ ಕಾಲು ಹಿಡಿದಿದ್ನಾ?” ಅವಳ ಹುರಿ ಜೋರಾಯಿತು. “ಗಾಜು ಅಲ್ಲಾಡಬಾರದು ಅಂದ್ರಿ. ಇಳೀತೈತೆ, ಏರ್ತೈತೆ ಅಂತ ಒಂದು ಮಾತು ಹೇಳಿದ್ರೆ ನಾನು ಗಂಜಿ ತೀಡ್ತಿದ್ನಾ?”

“ಗಾಜು ಇಳೀತೈತೆ ಅನ್ನೋದು ಎಲ್ರಿಗೂ ಗೊತ್ತಿರ್ತೈತೆ ಅಂದ್ಕಂಡೆ.”

“ಎಲ್ರಿಗೂ ಅಂದ್ರೆ ಕಾರು ಹತ್ತಿದೋರಿಗೆ. ನಾವು ಕುದುರೇ ಜನ.”

ಅವನು ಹುರಿ ಎಳೆದ. ಗಂಜಿ ಬಿಳಿಯಾಗಿ, ಎಳೆಎಳೆಯಾಗಿ ಹುರಿಗೆ ಸುತ್ತಿಕೊಂಡು ಬರತೊಡಗಿತು.

“ಇಷ್ಟೊತ್ತಿಗೆ ನ್ಯಾಮತಿಗೆ ಸುದ್ದಿ ಹೊಂಟಿರ್ತೈತೆ,” ಅಂದ. “ಅವರು ಬ್ಯಾಡ ಅಂದ್ರೆ ಏನ್ಮಾಡ್ತೀರಿ?”

“ಅವರೇನು ಬ್ಯಾಡ ಅನ್ನೋದು, ನಾನೇ ಬ್ಯಾಡ ಅಂದೀನಿ. ಹೊಸ್ತಿಲು ಬಿಟ್ಟು ಬಂದು ಈ ನಡುಬೀದೀಲಿ ಕುಂತಿರೋದು ಯಾತಕ್ಕೆ ಅಂದ್ಕಂಡ್ರಿ? ಬರೀ ಗಾಜಿಗಾ?”

ಅವನ ಹುರಿ ನಿಂತಿತು.

“ಎಳೀರಿ. ನಿಲ್ಲಿಸಿದ್ರೆ ಮತ್ತೆ ಅಂಟ್ತೈತೆ.”

ಅವನು ಎಳೆದ. ಕಣ್ಣು ಮಾತ್ರ ಅವಳ ಮೇಲೇ ಇತ್ತು. “ಮೊದಲ ದಿನ ಜಗಳೂರಿಗೆ ಬಂದದ್ದು ನಮದೆಗೆ. ಮೂರನೇ ದಿನ ಬಂದದ್ದು ನಿಮ್ಮನ್ನ ನೋಡಾಕೆ. ಆಮೇಲೆ ದಿನಾ ಈ ಬಾಗಿಲು ತೆಗೆದಾಗೆಲ್ಲ ಆ ಪಟ್ಟಿಯ ಗಟ್ಟಿ ಅಂಚು ಮುಟ್ಟಿ ನೋಡ್ತಿದ್ದೆ. ಹುಚ್ಚ ಅಂತೀರಿ.”

“ಹುಚ್ಚರೇ. ಮುಂದಕ್ಕೆ ಹೇಳ್ರಿ.”

“ಕತ್ತಲಗೆರೇಲಿ ನಮ್ಮ ಮನೆ ಐತೆ. ಮುಂದಿನ ಅಂಗಳ ದೊಡ್ಡದು. ಉಣ್ಣೆ ಹರವಾಕೆ ಸಾಲ್ತೈತೆ.”

ರಹಮತ್‌ಬೀಗೆ ಕಣ್ಣು ಮಂಜಾಯಿತು. ಇಷ್ಟು ದಿನ ಅವಳು ಕೇಳಬೇಕೆಂದಿದ್ದ ಮಾತು ಇದೇ, ಇಷ್ಟೇ. ಅವಳು ಮೂಗೊರೆಸಿಕೊಂಡು, “ಬಿಸಿನೀರಿಗೆ ಒಲೆ?” ಅಂದಳು.

“ಹಾಕ್ತೀನಿ.”

“ನನ್ನ ಕೆಲಸ ನನ್ನ ಹೆಸರಲ್ಲೇ ಹೋಗಬೇಕು. ಚೆನ್ನಾಗಾದ್ರೂ ನಂದು, ಕೆಟ್ರೂ ನಂದು. ಇನ್ನೊಂದು ಸಲ ನನ್ನ ತಪ್ಪು ನೀವು ಹೊತ್ಕಂಡ್ರೆ ಈ ಹುರೀಲಿ ನಿಮ್ಮ ಮೂಗು ಕೊಯ್ತೀನಿ.”

ಕುಳಿ ಮತ್ತೆ ಕೆನ್ನೆಗೆ ಬಂತು. “ಕೊಯ್ರಿ,” ಅಂದ.

ಮುಂದಿನ ಸೀಟಿನಲ್ಲಿ ಬಿಸ್ಮಿಲ್ಲಾ ಕೆಮ್ಮಿದಳು.

ನನ್ನೇಸಾಬ ತೆರೆದ ಕಿಟಕಿಯಿಂದ ಇಕ್ಕಳ ಕೊಟ್ಟ. ಮುರಿದ ಹಿಡಿಯ ಬುಡವನ್ನು ಅದರಲ್ಲಿ ಹಿಡಿದು ಮೆಲ್ಲಗೆ ತಿರುಗಿಸಲು ಹೇಳಿದ. ರಹಮತ್‌ಬೀ ತಿರುಗಿಸಿದಳು. ಏನೂ ಆಗಲಿಲ್ಲ. ಇನ್ನೊಂದು ಸಲ ತಿರುಗಿಸಿದಳು. ಬಾಗಿಲಿನ ಹೊಟ್ಟೆಯೊಳಗೆ ಎಲ್ಲೋ ಕಿರ್ ಎಂದಿತು. ಗಾಜು ಒಂದು ಬೆರಳು ಇಳಿಯಿತು. ಆಮೇಲೆ ನಾಲ್ಕು ಬೆರಳು. ಜನ ಹೋ ಎಂದರು. ಅವನ ಹಣೆ ಗಾಜಿಲ್ಲದೆ ಕಂಡಿತು, ಆಮೇಲೆ ಕಣ್ಣು, ಆಮೇಲೆ ಆ ಹಾಳು ಕುಳಿ. ಗಾಜು ಪೂರ್ತಿ ಒಳಗೆ ಹೋಗಿ ನಿಂತಿತು. ನಡುವೆ ಏನೂ ಇರಲಿಲ್ಲ. ಹುರಿ ಹಿಡಿದುಕೊಂಡು ಅವಳು ಹಾಗೇ ಕೂತಳು, ಅವನು ಹಾಗೇ ನಿಂತ.

“ಗಾಜು ಇಳಿದು ಎಷ್ಟೊತ್ತಾಯ್ತು,” ಅಂದರು ಸರ್ವಮಂಗಳಮ್ಮ ಜಗುಲಿಯಿಂದ. “ಇನ್ನೂ ಏನು ನೋಡ್ತೀರಿ ಇಬ್ರೂ?”

ಹಳೆಯ ಪಟ್ಟಿ ಕಿತ್ತು, ಸಂದಿ ತೊಳೆದು, ಹೊಸ ಪಟ್ಟಿ ಕೂರಿಸಿದ್ದು ಮಧ್ಯಾಹ್ನದ ನಮಾಜಿನ ಹೊತ್ತಿಗೆ. ಗಾಜು ಸಲೀಸಾಗಿ ಜಾರಲೆಂದು ನಮದೆಗೆ ಒಣ ಸೋಪು ಉಜ್ಜಿದರು. ನೆಟ್ಟಗೆ ಮಾಡಿದ ತಗಡಿನ ಪಟ್ಟಿಯನ್ನು ನನ್ನೇಸಾಬ ತಿರುಪು ಬಿಗಿದು ಕೂರಿಸಿದ. ಮಹೇಶ್ವರಪ್ಪನವರು ತಾವೇ ಹತ್ತು ಸಲ ಗಾಜು ಏರಿಸಿ ಇಳಿಸಿ, “ಪರವಾಗಿಲ್ಲ ಕಣಯ್ಯ, ಒಳ್ಳೇ ಕೆಲಸ,” ಎಂದು ಡ್ರೈವರ್ ಕಡೆ ನೋಡಿದರು.

“ಕೆಲಸ ಅವರದು ಸಾವ್ಕಾರ್ರೆ,” ಅಂದ ನನ್ನೇಸಾಬ. “ಅವರಿಗೇ ಹೇಳ್ರಿ.”

ಶನಿವಾರ ತಾಯಿ, ಮಗಳು, ನನ್ನೇಸಾಬ ಮೂವರೂ ಜಗಳೂರಿನಲ್ಲಿ ಬಸ್ಸಿಳಿದರು. ಬುಡನ್‌ಸಾಬರು ಬಾಗಿಲಲ್ಲೇ ಕೂತಿದ್ದರು. ಎರಡು ದಿನದಿಂದ ಅಲ್ಲೇ ಕೂತಿದ್ದರೆಂದು ಪಕ್ಕದ ಮನೆಯವರು ಹೇಳಿದರು. ಬಿಸ್ಮಿಲ್ಲಾ ಒಳಗೆ ಹೋದಳು. ರಹಮತ್‌ಬೀ ಹೊಸ್ತಿಲಿನ ಹೊರಗೇ ನಿಂತಳು.

“ತುಳಿಬ್ಯಾಡ ಅಂದಿದ್ರಿ, ತುಳಿಯೋದಿಲ್ಲಪ್ಪಾ. ಇಲ್ಲೇ ನಿಂತು ಹೇಳ್ತೀನಿ. ನ್ಯಾಮತಿಗೆ ನಾನು ಹೋಗೋದಿಲ್ಲ. ಇವರ ಮನೇಗೆ ಹೋಗ್ತೀನಿ, ಅಲ್ಲೂ ಉಣ್ಣೆ ತುಳೀತೀನಿ. ನೀವು ಹೂಂ ಅಂದ್ರೆ ನಿಮಗೆ ಕೈ ಮುಗಿದು ಹೋಗ್ತೀನಿ. ಅನ್ನದಿದ್ರೆ ಅನ್ನೋ ತನಕ ಇಲ್ಲೇ ನಿಲ್ತೀನಿ.”

ಬುಡನ್‌ಸಾಬರು ಅವಳ ಕೈಯಲ್ಲಿದ್ದ ಹಳೆಯ ಪಟ್ಟಿಯನ್ನು ಇಸಿದುಕೊಂಡರು. ಬೆರಳಲ್ಲಿ ಹಿಸುಕಿ, ನಾಲಿಗೆಯ ತುದಿಗೆ ಮುಟ್ಟಿಸಿದರು.

“ಹುಣಸೆ ಬೀಜ,” ಅಂದರು. “ಇಳಿಯೋ ಗಾಜಿಗೆ ಗಂಜಿ ತೀಡ್ತಾರೇನೇ, ದಡ್ಡಿ!”

“ಇಳೀತೈತೆ ಅಂತ ಇವರು ಹೇಳಲೇ ಇಲ್ಲ!”

ಬುಡನ್‌ಸಾಬರು ನನ್ನೇಸಾಬನ ಕಡೆ ತಿರುಗಿದರು. “ಯಾಕಯ್ಯಾ ಹೇಳಲಿಲ್ಲ? ಕೆಲಸ ಒಪ್ಪಿಸೋನು ಪೂರ್ತಿ ಹೇಳಬ್ಯಾಡ್ವಾ? ಕುದುರೇದಾದ್ರೆ ಓಟದ್ದೋ, ಗಾಡಿದೋ ಅಂತ ಹೇಳಿದ್ರೇನೇ ನಾವು ಜೀನು ಮುಟ್ಟೋದು.”

“ತಪ್ಪಾಯ್ತು ಮಾವಾ.”

“ಮಾವಾ ಅಂತೆ! ಯಾರಿಗೋ ನಾನು ಮಾವ?” ಬುಡನ್‌ಸಾಬರು ಎದ್ದರು. ಆದರೂ ಪಟ್ಟಿ ಕೈಯಲ್ಲೇ ಇತ್ತು, ಹೆಬ್ಬೆರಳು ಅದರ ಅಂಚಿನ ಮೇಲೆ ಓಡುತ್ತಿತ್ತು. ದನಿ ತಗ್ಗಿತು. “ತುಳಿತ ಮಾತ್ರ ನನಗಿಂತ ಚೆನ್ನಾಗೈತೆ. ನನಗೆ ಈ ಹದ ಯಾವತ್ತೂ ಬರಲಿಲ್ಲ. ಆರು ವರ್ಷದಿಂದ ಗೊತ್ತು. ಬಾಯಿ ಬಿಟ್ಟು ಹೇಳಲಿಲ್ಲ.”

“ಜಗಳ ಒಳಗೆ ಬಂದು ಆಡ್ರಿ,” ಅಂದಳು ಬಿಸ್ಮಿಲ್ಲಾ. “ರೊಟ್ಟಿ ಆರ್ತಾವೆ.”

ಅಪ್ಪ ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದರು.

ರಂಜಾನ್ ಕಳೆದ ಮೇಲೆ ನಿಕಾಹ್ ಆಯಿತು. ಗಂಡು ಮಾತ್ರ ಬೇರೆಯಾಗಿದ್ದ. ನ್ಯಾಮತಿಯವರು ಒಂದು ತಿಂಗಳು ಬೈದರು, ಆಮೇಲೆ ಅವರಿಗೆ ಬೇರೆ ಹೆಣ್ಣು ಸಿಕ್ಕಿತು, ಬೈಯುವುದು ನಿಂತಿತು.

ಗಂಡಸರೆಲ್ಲ ಅಂಗಳದ ಚಪ್ಪರದಲ್ಲಿ, ಹೆಣ್ಣು ಒಳಗೆ ಪರದೆಯ ಹಿಂದೆ. ಕಾಜಿಯವರ ಕಡೆಯಿಂದ ಇಬ್ಬರು ಸಾಕ್ಷಿಗಳು ಪರದೆಯ ಹತ್ತಿರ ಬಂದು, ಕತ್ತಲಗೆರೆಯ ನನ್ನೇಸಾಬ ಕಬೂಲೋ ಎಂದು ಕೇಳಿದರು. ಅಲ್ಲಿಯ ಪದ್ಧತಿಯಲ್ಲಿ ಮದುವಣಗಿತ್ತಿ ಬಾಯಿ ಬಿಡುವುದಿಲ್ಲ. ತಲೆ ತಗ್ಗಿಸಿ ಕೂರುತ್ತಾಳೆ. ಹಿರಿಯ ಹೆಂಗಸು ಅವಳ ತಲೆಯನ್ನು ಒಂದಿಷ್ಟು ಒತ್ತಿ, ‘ಹೂಂ ಅಂದ್ಲು’ ಎನ್ನುತ್ತಾಳೆ. ಮದುವೆ ಆಗಿಹೋಗುತ್ತದೆ. ಸೋದರತ್ತೆ ಮೆಹರಾಜ್ ಬೇಗಂ ಹಾಗೆಯೇ ರಹಮತ್‌ಬೀಯ ತಲೆಯ ಮೇಲೆ ಕೈಯಿಟ್ಟು, “ಹೂಂ ಅಂದ್ಲು, ಹುಡುಗಿ ಹೂಂ ಅಂದ್ಲು,” ಎಂದಳು.

“ಅತ್ತೀ, ನಾನಿನ್ನೂ ಅಂದೇ ಇಲ್ಲ,” ಅಂದಳು ರಹಮತ್‌ಬೀ.

ಹೆಂಗಸರ ಗುಂಪು ಬೆಚ್ಚಿಬಿತ್ತು. ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು. ಇದೇನು ಎಡವಟ್ಟು ಎಂದು ಸಾಕ್ಷಿಗಳು ಒಬ್ಬರ ಮುಖ ಒಬ್ಬರು ನೋಡಿದರು. ರಹಮತ್‌ಬೀ ಅತ್ತೆಯ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ತಲೆ ಎತ್ತಿ, ಬೆನ್ನು ನೆಟ್ಟಗೆ ಮಾಡಿ ಕೂತಳು.

“ಈಗ ಕೇಳ್ರಿ,” ಅಂದಳು.

ಅವರು ಕೇಳಿದರು. ಓಣಿಯ ಕೊನೆಯ ಮನೆಗೂ ಕೇಳುವ ಹಾಗೆ ಅವಳು ಮೂರು ಸಲ ಕಬೂಲ್ ಅಂದಳು.